ಬೆಂಕಿಗಿಂತ ಹೊಗೆಗೆ ಅಂಜಿ

ಸುಟ್ಟ ಗಾಯ ಎಂದೊಡನೆ ನಮ್ಮ ಕಣ್ಣು ಹೋಗುವುದು ಚರ್ಮದ ಕಡೆಗೆ. ಎಷ್ಟು ಸುಟ್ಟಿದೆ, ಬೊಬ್ಬೆ ಎದ್ದಿದೆಯೇ, ಕಲೆ ಉಳಿಯುತ್ತದೆಯೇ ಎಂದು ನೋಡುತ್ತೇವೆ. ಆದರೆ ಬೆಂಕಿ ಅನಾಹುತಗಳಲ್ಲಿ ಅನೇಕರ ಜೀವ ತೆಗೆಯುವುದು ಉರಿಯಲ್ಲ, ಉಸಿರಿನೊಡನೆ ಒಳಗೆ ಹೋದ ಹೊಗೆ. ಆಸ್ಟ್ರಿಯಾದ ಪ್ರಸಿದ್ಧ ಕಾರ್ ರೇಸ್ ಚಾಲಕ ನಿಕಿ ಲೌಡಾ ಅವರಿಗೆ ಆದದ್ದನ್ನು ಕೇಳಿದರೆ ಇದು ನಿಮಗೆ ಮನದಟ್ಟಾಗುತ್ತದೆ.

1976ರ ಆಗಸ್ಟ್ 1. ಜರ್ಮನಿಯ ನೂರ್‌ಬರ್ಗ್‌ರಿಂಗ್ ಪಥದಲ್ಲಿ ಫಾರ್ಮುಲಾ ಒನ್ ರೇಸ್. ಒಂದು ಸುತ್ತು ಎಂದರೆ ಸುಮಾರು 23 ಕಿ.ಮೀ. ಇಷ್ಟು ಉದ್ದದ ಹಾದಿಯಲ್ಲಿ ಅಪಘಾತವಾದರೆ ನೆರವು ಬೇಗ ತಲುಪದು ಎಂದು ಲೌಡಾ ಮೊದಲೇ ಆಕ್ಷೇಪ ಎತ್ತಿದ್ದರು. ಎರಡನೆಯ ಸುತ್ತಿನಲ್ಲಿ ಅವರದೇ ಫೆರಾರಿ ಕಾರು ದಿಬ್ಬಕ್ಕೆ ಬಡಿದು ಹೊತ್ತಿಕೊಂಡಿತು. ತಲೆಯ ಮೇಲಿನ ಹೆಲ್ಮೆಟ್ ಜಾರಿತ್ತು. ಹಿಂದಿನಿಂದ ಬಂದ ನಾಲ್ವರು ಚಾಲಕರು ತಮ್ಮ ಕಾರು ನಿಲ್ಲಿಸಿ, ಬೆಂಕಿಗೆ ಕೈಹಾಕಿ ಅವರನ್ನು ಹೊರಗೆಳೆದರು.

ಹೊರಬಂದಾಗ ಲೌಡಾ ಅವರಿಗೆ ಎಚ್ಚರವಿತ್ತು, ಎದ್ದು ನಿಂತರು ಕೂಡ. ಮುಖ, ತಲೆ, ಕೈಗಳು ಸುಟ್ಟಿದ್ದವು. ಬಲಗಿವಿಯ ಬಹುಭಾಗ ಹೋಗಿತ್ತು. ಆದರೂ ಪ್ರಾಣಕ್ಕೆ ಕುತ್ತು ತಂದದ್ದು ಈ ಗಾಯಗಳಿಗಿಂತ ಹೆಚ್ಚಾಗಿ, ಬೆಂಕಿಯ ನಡುವೆ ಉಸಿರಾಡಿದ ವಿಷಗಾಳಿ. ಆಸ್ಪತ್ರೆಯಲ್ಲಿ ಪ್ರಜ್ಞೆ ತಪ್ಪಿತು. ಪಾದ್ರಿಯೊಬ್ಬರು ಬಂದು ಅಂತ್ಯಕಾಲದ ಪ್ರಾರ್ಥನೆಯನ್ನೂ ಮುಗಿಸಿದ್ದರು!

ಹೊಗೆ ಮಾಡುವ ಕೆಲಸವೇನು? ಬಿಸಿ ಗಾಳಿ ಮೂಗು, ಗಂಟಲು, ಧ್ವನಿಪೆಟ್ಟಿಗೆಯನ್ನು ಸುಡುತ್ತದೆ. ಸುಟ್ಟ ಪ್ಲಾಸ್ಟಿಕ್, ರಬ್ಬರ್, ಇಂಧನಗಳಿಂದ ಎದ್ದ ರಾಸಾಯನಿಕಗಳು ಇನ್ನೂ ಕೆಳಗಿಳಿದು ಶ್ವಾಸಕೋಶದ ಒಳಪದರವನ್ನು ಕೆರಳಿಸುತ್ತವೆ. ಬಾವು ಏರಲು ಕೆಲವು ಗಂಟೆಗಳು, ಒಮ್ಮೊಮ್ಮೆ ಒಂದೆರಡು ದಿನಗಳೇ ಬೇಕಾಗಬಹುದು. ಬೆಂಕಿಯಿಂದ ಪಾರಾದವರು ಮೊದಲು ಚೆನ್ನಾಗಿಯೇ ಮಾತನಾಡಿ, ಆಮೇಲೆ ಉಸಿರಿಗೆ ಪರದಾಡುವುದು ಇದೇ ಕಾರಣಕ್ಕೆ.

ಇದರ ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವಿದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆಮ್ಲಜನಕಕ್ಕೆ ಜಾಗವೇ ಉಳಿಯುವುದಿಲ್ಲ. ಕೊರೊನಾ ಕಾಲದಿಂದ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಅನೇಕರ ಮನೆಯಲ್ಲಿದೆಯಷ್ಟೆ. ಇಲ್ಲಿ ಅದನ್ನು ನಂಬಬೇಡಿ. ಕಾರ್ಬನ್ ಮಾನಾಕ್ಸೈಡ್ ಅಂಟಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತವೆಂದೇ ತೋರಿಸಬಹುದು.

ಲೌಡಾ ಬದುಕಿದರು. ಅಷ್ಟೇ ಅಲ್ಲ, 42ನೇ ದಿನ, ಗಾಯಗಳು ಪೂರ್ತಿ ಮಾಯುವ ಮುನ್ನವೇ, ಇಟಲಿಯ ಮೊಂಜಾದಲ್ಲಿ ಕಾರು ಓಡಿಸಿ ನಾಲ್ಕನೆಯವರಾದರು. ಇದನ್ನು ಸಾಹಸವೆಂದು ಹೊಗಳುವವರೇ ಎಲ್ಲ. ಆ ದಿನ ಭಯದಿಂದ ನಡುಗಿದ್ದಾಗಿ ಮುಂದೆ ಅವರೇ ಒಪ್ಪಿಕೊಂಡರು. ನನಗಂತೂ ಅದೇ ವರ್ಷ ಜಪಾನಿನ ಫುಜಿಯಲ್ಲಿ ಅವರು ಮಾಡಿದ್ದೇ ದೊಡ್ಡದೆನಿಸುತ್ತದೆ. ಜಡಿಮಳೆ, ಎದುರಿನ ದಾರಿಯೇ ಕಾಣದು, ಸುಟ್ಟ ರೆಪ್ಪೆಗಳ ತೊಂದರೆ ಬೇರೆ. ಎರಡು ಸುತ್ತು ಮುಗಿಸಿ ಕಾರು ನಿಲ್ಲಿಸಿಬಿಟ್ಟರು. ಒಂದೇ ಅಂಕದಿಂದ ಪ್ರಶಸ್ತಿ ಜೇಮ್ಸ್ ಹಂಟ್ ಅವರ ಪಾಲಾಯಿತು. ಮರುವರ್ಷ ಲೌಡಾ ಅದನ್ನು ಮರಳಿ ಪಡೆದರು. ನಡುವೆ ಎರಡು ವರ್ಷ ರೇಸ್ ಬಿಟ್ಟು ವಿಮಾನ ಕಂಪನಿ ನಡೆಸಿ, ಹಿಂತಿರುಗಿ 1984ರಲ್ಲಿ ಮೂರನೇ ಬಾರಿ ವಿಶ್ವ ಚಾಂಪಿಯನ್ ಆದರು. ಆಗ ಗೆಲುವಿನ ಅಂತರ ಅರ್ಧ ಅಂಕ!

ರೆಪ್ಪೆಗಳು ಕೆಲಸ ಮಾಡಲು ಬೇಕಾದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೇ ಹೊರತು ಮುಖದ ಅಂದಕ್ಕೆಂದು ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಕಲೆ ಮರೆಸಲು ಕೆಂಪು ಟೋಪಿಯೊಂದು ಸಾಕಾಯಿತು. 1997ರಲ್ಲಿ ತಮ್ಮ ಫ್ಲೋರಿಯನ್ ಅವರಿಂದ, 2005ರಲ್ಲಿ ಮುಂದೆ ಪತ್ನಿಯಾದ ಬಿರ್ಗಿಟ್ ಅವರಿಂದ ಮೂತ್ರಪಿಂಡ ಪಡೆದರು. 2018ರಲ್ಲಿ ವಿಯೆನ್ನಾದಲ್ಲಿ ಶ್ವಾಸಕೋಶದ ಕಸಿಯೂ ಆಯಿತು. 2019ರ ಮೇ 20ರಂದು, 70ನೇ ವಯಸ್ಸಿನಲ್ಲಿ ತೀರಿಕೊಂಡರು. ಇದೆಲ್ಲಕ್ಕೂ 1976ರ ಹೊಗೆಯೇ ಕಾರಣವೆಂದು ಗಂಟು ಹಾಕುವುದು ಸರಿಯಲ್ಲ. ನಡುವೆ ನಾಲ್ಕು ದಶಕಗಳೇ ಕಳೆದಿದ್ದವು.

ಇಂದಿನ ರೇಸ್ ಚಾಲಕನಿಗೆ ಬೆಂಕಿ ತಡೆಯುವ ಉಡುಪಿದೆ, ಜಾರದ ಹೆಲ್ಮೆಟ್ ಇದೆ. 2020ರಲ್ಲಿ ಬಹರೇನ್‌ನಲ್ಲಿ ರೊಮೇನ್ ಗ್ರೋಜಾನ್ ಸುಮಾರು ಅರ್ಧ ನಿಮಿಷ ಉರಿಯೊಳಗಿದ್ದು, ಮುಖ್ಯವಾಗಿ ಕೈಗಳನ್ನು ಮಾತ್ರ ಸುಟ್ಟುಕೊಂಡು ಹೊರಬಂದರು.

ನಮ್ಮ ಮನೆಗಳಲ್ಲಿ ಅಂಥ ರಕ್ಷಣೆಯಿಲ್ಲ. ಹೊಗೆ ತುಂಬಿದರೆ ನಿಂತು ಓಡಬೇಡಿ, ನೆಲಕ್ಕೆ ಬಾಗಿ ತೆವಳಿ ಹೊರಬನ್ನಿ. ಗಾಳಿ ಅಲ್ಲಿ ತುಸು ತಿಳಿಯಾಗಿರುತ್ತದೆ. ಮೂಗಿಗೆ ಹಿಡಿದ ಒದ್ದೆ ಬಟ್ಟೆ ಮಸಿಯನ್ನು ತಡೆದೀತು, ಕಾರ್ಬನ್ ಮಾನಾಕ್ಸೈಡನ್ನಲ್ಲ. ಒಡವೆ, ಪತ್ರ ಎಂದು ಮತ್ತೆ ಒಳಗೆ ಹೋಗಬೇಡಿ. ಬೆಂಕಿಯೇ ಬೀಳದೆಯೂ ಈ ಅನಿಲ ಕೊಲ್ಲಬಲ್ಲದು: ಕಿಟಕಿ ಮುಚ್ಚಿದ ಬಚ್ಚಲುಮನೆಯ ಗ್ಯಾಸ್ ಗೀಸರ್, ಚಳಿಗೆಂದು ಮಲಗುವ ಕೋಣೆಯಲ್ಲಿಟ್ಟ ಕೆಂಡದ ಅಗ್ಗಿಷ್ಟಿಕೆ ಇದಕ್ಕೆ ಸಾಕು. ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ.

ಚರ್ಮ ಸುಟ್ಟಿದ್ದರೆ ಬಳೆ, ಉಂಗುರ ತೆಗೆದು 20 ನಿಮಿಷ ಹರಿಯುವ ತಣ್ಣೀರಿಗೆ ಹಿಡಿಯಿರಿ. ಟೂತ್‌ಪೇಸ್ಟ್, ತುಪ್ಪ, ಶಾಯಿ ಯಾವುದೂ ಬೇಡ. ದನಿ ಒಡೆದಿದ್ದರೆ, ಮೂಗಿನ ಕೂದಲು ಸುಟ್ಟಿದ್ದರೆ, ಕಫದಲ್ಲಿ ಮಸಿ ಕಂಡರೆ, ತಲೆನೋವು, ವಾಂತಿ, ಮಂಕು ಇದ್ದರೆ ಗಾಯ ಎಷ್ಟೇ ಚಿಕ್ಕದಿರಲಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಹೊಗೆ ತುಂಬಿದ ಕೋಣೆಯಲ್ಲಿ ಎಷ್ಟು ಹೊತ್ತು ಇದ್ದರು, ಏನು ಸುಡುತ್ತಿತ್ತು ಎಂಬುದನ್ನು ವೈದ್ಯರಿಗೆ ಮೊದಲು ತಿಳಿಸಿ.