ನಿಮಗಿದು ಗೊತ್ತೆ? ಆಲ, ಅರಳಿ, ಅತ್ತಿಗೆ ಒಂದೇ ಮನೆತನದ ಹೆಸರು

ಊರ ಮುಂದಿನ ಆಲ, ಕಟ್ಟೆಯ ಅರಳಿ, ತೋಟದಂಚಿನ ಅತ್ತಿ, ಅಂಗಡಿಯ ಅಂಜೂರ ಎಲ್ಲವೂ ಒಂದೇ ಕುಲ: ಫೈಕಸ್. ಈ ಕುಲದಲ್ಲಿ 800ಕ್ಕೂ ಹೆಚ್ಚು ಪ್ರಭೇದಗಳಿವೆ. ಎಲೆ ಕಿತ್ತರೆ ಬೆರಳಿಗೆ ಅಂಟುವ ಬಿಳಿ ಹಾಲೇ ನೆಂಟಸ್ತಿಕೆಯ ಗುರುತು.

ಲ್ಯಾಟಿನ್‌ನಲ್ಲಿ ‘ಫೀಕಸ್’ ಎಂದರೆ ಅಂಜೂರ, ಅಷ್ಟೇ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಪ್ರಕಟಿಸಿದ ಸಸ್ಯಗ್ರಂಥದಲ್ಲಿ ಅದೇ ಹೆಸರನ್ನು ಇಡೀ ಕುಲಕ್ಕೆ ಇಟ್ಟ. ಅಂಜೂರ ‘ಫೈಕಸ್ ಕ್ಯಾರಿಕಾ’ ಆಯಿತು. ಈ ಹೆಸರಿಗೆ ಮೂಲವಾದ ಕ್ಯಾರಿಯಾ ಎಂಬುದು ಈಗಿನ ಟರ್ಕಿಯ ನೈಋತ್ಯದಲ್ಲಿದ್ದ ಪ್ರಾಚೀನ ಸೀಮೆ. ಜನ ಪೂಜಿಸುವ ಅರಳಿಗೆ ‘ರಿಲಿಜಿಯೋಸಾ’ ಎಂದ. ಆಲಕ್ಕೆ ಸಿಕ್ಕಿದ್ದು ಬಂಗಾಳದ ಹೆಸರು. ನಮ್ಮ ಹಳ್ಳಿಗಳ ಆಲಗಳಿಗೆ ಇದು ತುಸು ಅನ್ಯಾಯವೇ!

ಆಲದ ಇಂಗ್ಲಿಷ್ ಹೆಸರು ‘ಬನಿಯನ್’ ಹುಟ್ಟಿದ್ದು ‘ಬನಿಯಾ’ ಎಂಬ ಪದದಿಂದ. ಪರ್ಷಿಯಾದ ಬಂದರೊಂದರ ಬಳಿ ಇಂಥ ಮರದಡಿ ಗುಜರಾತಿನ ವ್ಯಾಪಾರಿಗಳು ಸೇರುತ್ತಿದ್ದುದನ್ನು ಕಂಡ ಯುರೋಪಿಯನ್ನರು ಮರಕ್ಕೇ ಅವರ ಹೆಸರಿಟ್ಟರು.

ಅತ್ತಿಯ ಹೂ ಕಂಡವರಿಲ್ಲ ಎನ್ನುತ್ತಾರಲ್ಲ? ಕಾಯಿಯನ್ನು ಸೀಳಿ ನೋಡಿ. ಒಳಗೋಡೆಗೆ ಒತ್ತಾಗಿ ಅಂಟಿಕೊಂಡ ಸಾಸಿವೆಗಿಂತ ಸಣ್ಣ ಕಣಗಳೇ ಹೂಗಳು. ತುದಿಯ ಕಿರುರಂಧ್ರದಿಂದ ನುಸುಳುವ ಪುಟ್ಟ ಕಣಜವೇ ಅವಕ್ಕೆ ಪರಾಗ ತರುವುದು. ನುಸುಳುವಾಗ ಪಾಪ, ಅದರ ರೆಕ್ಕೆ ಸಾಮಾನ್ಯವಾಗಿ ಹರಿದೇ ಹೋಗುತ್ತದೆ.