ಗೋಲುಪೆಟ್ಟಿಗೆ ಅದೇ, ಕಾವಲುಗಾರರು ಬೇರೆ

ಹಲಸೂರಿನ ನಮ್ಮ ಬೀದಿಯಲ್ಲಿ ಹಾಕಿಯ ಮಾತು ಬಂದರೆ ತಾತ–ಮೊಮ್ಮಕ್ಕಳ ಜಗಳ ಖಾಯಂ. ‘ನಮ್ಮ ಕಾಲದವರ ಕೈಚಳಕ ಈಗ ಯಾರಿಗಿದೆ?’ ಎನ್ನುತ್ತಾರೆ ತಾತಂದಿರು. ‘ಈಗಿನ ವೇಗಕ್ಕೆ ಅವರೆಲ್ಲ ನಿಲ್ಲುತ್ತಿದ್ದರಾ ತಾತ?’ ಎನ್ನುತ್ತಾರೆ ಮಕ್ಕಳು. ಬೇರೆ ಬೇರೆ ಕಾಲದವರನ್ನು ಒಂದೇ ಮೈದಾನಕ್ಕೆ ಇಳಿಸಲಾಗದು. ಮತ್ತೆ ಅಳೆಯುವುದು ಹೇಗೆ?

ನಾನು ಗೋಲ್‌ಕೀಪರ್‌ಗಳನ್ನು ಆರಿಸಿಕೊಂಡೆ. ಏಕೆಂದರೆ ಗೋಲುಪೆಟ್ಟಿಗೆ ಅಂದೂ ಇಂದೂ ಅಷ್ಟೇ: 12 ಅಡಿ ಅಗಲ, 7 ಅಡಿ ಎತ್ತರ. ಚೆಂಡಿನ ತೂಕ ಸುಮಾರು 160 ಗ್ರಾಂ. ಕಲ್ಲಿನಷ್ಟು ಗಟ್ಟಿ.

ಮ್ಯಾನ್ಯುಯಲ್ ಫ್ರೆಡ್ರಿಕ್ ಹುಟ್ಟಿದ್ದು ಕೇರಳದ ಕಣ್ಣೂರಿನಲ್ಲಿ. ಆಟದಲ್ಲಿ ಬೆಳೆದದ್ದು ನಮ್ಮ ಬೆಂಗಳೂರಿನಲ್ಲಿ. ಸೇನೆಯ ಎಎಸ್‌ಸಿ ತಂಡಕ್ಕೂ ಎಚ್‌ಎಎಲ್‌ಗೂ ಆಡಿದವರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಭಾರತ ನೆದರ್ಲೆಂಡ್ಸ್ ತಂಡವನ್ನು 2–1ರಿಂದ ಸೋಲಿಸಿ ಕಂಚು ಗೆದ್ದಾಗ ಗೋಲು ಕಾಯ್ದವರು ಅವರೇ. ಕೊಡಗಿನ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ ಕೂಡ ಆ ತಂಡದಲ್ಲಿದ್ದರು. ಆಗ ಆಟ ಹುಲ್ಲಿನ ಮೇಲೆ. ಚೆಂಡು ಎಲ್ಲಿ ಪುಟಿದು ಎತ್ತ ತಿರುಗುತ್ತದೋ ಹೇಳಲಾಗದು. ಫ್ರೆಡ್ರಿಕ್ ಅವರ ತಲೆಯ ಮೇಲೆ ಹೆಲ್ಮೆಟ್ಟೂ ಇರಲಿಲ್ಲ!

1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿ ಕೃತಕ ಹಾಸಿನ ಮೇಲೆ ಹಾಕಿ ನಡೆಯಿತು. ಭಾರತ ಏಳನೆಯ ಸ್ಥಾನಕ್ಕೆ ಇಳಿಯಿತು. ಸಮತಟ್ಟಾದ ಹಾಸಿನ ಮೇಲೆ ಚೆಂಡು ಬಾಣದಂತೆ ಓಡುತ್ತದೆ. ಅಲ್ಲಿ ಓಟ, ಬಲ, ದಮ್ಮು ಹೆಚ್ಚು ಬೇಕು. ಆಮೇಲೆ ಪೆನಾಲ್ಟಿ ಕಾರ್ನರ್‌ನಲ್ಲಿ ಡ್ರ್ಯಾಗ್ ಫ್ಲಿಕ್ ಬಂತು. ಸ್ಟಿಕ್ಕಿನಿಂದ ಚೆಂಡನ್ನು ಎಳೆದು ಬೀಸಿ ಎಸೆದರೆ ಅದು ಗಂಟೆಗೆ 100 ಕಿ.ಮೀ.ಗೂ ಮೀರಿದ ವೇಗದಲ್ಲಿ ಗೋಲಿನತ್ತ ಹಾರುತ್ತದೆ.

1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಫೈನಲ್ ಟೈಬ್ರೇಕರ್‌ಗೆ ಹೋದಾಗ ನಮ್ಮ ಬೆಂಗಳೂರಿನ ಆಶಿಶ್ ಬಲ್ಲಾಳ್ ಕೊರಿಯನ್ನರನ್ನು ತಡೆದರು. 32 ವರ್ಷಗಳ ನಂತರ ಚಿನ್ನ ಬಂತು. ಆಗ ಪೆನಾಲ್ಟಿ ಸ್ಟ್ರೋಕ್. ಈಗ ಎದುರಾಳಿ ಚೆಂಡು ತಳ್ಳಿಕೊಂಡು ಬಂದು 8 ಸೆಕೆಂಡಿನೊಳಗೆ ಗೋಲು ಹೊಡೆಯಬೇಕು, ಕೀಪರ್ ಮುನ್ನುಗ್ಗಿ ತಡೆಯಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್‌ನಲ್ಲಿ ಪಿ.ಆರ್. ಶ್ರೀಜೇಶ್ ಬ್ರಿಟನ್ ವಿರುದ್ಧ ಗೆದ್ದದ್ದು ಹೀಗೆ. ಕೊನೆಗೆ ಸ್ಪೇನ್ ವಿರುದ್ಧ ಕಂಚು. ಅಂಕ? ಮತ್ತೆ 2–1!

ಇವರಲ್ಲಿ ಯಾರು ಮೇಲು? ಧೈರ್ಯಕ್ಕೆ ನನ್ನ ಮೊದಲ ಅಂಕ ಫ್ರೆಡ್ರಿಕ್ ಅವರಿಗೆ. ಎದುರಾಳಿಯ ಮನಸ್ಸು ಓದುವುದರಲ್ಲಿ ಶ್ರೀಜೇಶ್ ಮುಂದು. ಆದರೆ ಹೆಲ್ಮೆಟ್ ತೊಟ್ಟವರ ಧೈರ್ಯ ಕಡಿಮೆಯಲ್ಲ, ಹುಲ್ಲಿನಲ್ಲಿ ಆಡಿದವರ ಬುದ್ಧಿ ಕಡಿಮೆಯಲ್ಲ. ತನ್ನ ಕಾಲ ಒಡ್ಡಿದ ಕಷ್ಟವನ್ನು ಯಾರು ಎಷ್ಟು ಚೆನ್ನಾಗಿ ಎದುರಿಸಿದರು ಎಂಬುದೇ ಸರಿಯಾದ ಅಳತೆಗೋಲು.

ಇನ್ನೊಂದು ಅಳತೆ ನಮಗೆ ಸೇರಿದ್ದು. ಶ್ರೀಜೇಶ್ ಅವರಿಗೆ ಟೋಕಿಯೊದಲ್ಲಿ ಪದಕ ಬಂದ ವರ್ಷವೇ ಖೇಲ್ ರತ್ನ ಸಿಕ್ಕಿತು. ಫ್ರೆಡ್ರಿಕ್ ಅವರಿಗೆ ಧ್ಯಾನ್‌ಚಂದ್ ಪ್ರಶಸ್ತಿ ಬಂದದ್ದು 2019ರಲ್ಲಿ, ಪದಕ ಗೆದ್ದ 47 ವರ್ಷಗಳ ಮೇಲೆ. 2025ರ ಅಕ್ಟೋಬರ್‌ನಲ್ಲಿ ಅವರು ಬೆಂಗಳೂರಿನಲ್ಲೇ ತೀರಿಕೊಂಡರು. ಅಂಥವರ ಆಟ ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಮಕ್ಕಳೇ, ‘ಯಾರು ದೊಡ್ಡವರು?’ ಎಂದು ಜಗಳವಾಡುವ ಮೊದಲು ‘ತಾತ, ಆಗ ಮೈದಾನ ಹೇಗಿತ್ತು?’ ಎಂದು ಕೇಳಿ.