ಹಾರುವ ಹಕ್ಕಿಯ ಛಾಯಾಚಿತ್ರ

ಕವಿಗಳು ಬಣ್ಣಿಸಿದ ಹಂಸವನ್ನು ನಮ್ಮ ಕೆರೆಗಳಲ್ಲಿ ಅರಸಿದರೆ ನಿರಾಶೆಯೇ ಫಲ. ಆದರೆ ಬೊಮ್ಮನಹಳ್ಳಿಗೆ ಸಮೀಪದ ಮಡಿವಾಳದ ಕೆರೆಯಲ್ಲಿ ಹೆಜ್ಜಾರ್ಲೆಯ ದರ್ಶನವಾಗುವುದುಂಟು. ಸುಮಾರು 5 ಕಿಲೋಗ್ರಾಂ ತೂಗುವ ಈ ಹಕ್ಕಿಯು ನೀರನ್ನು ಬಿಟ್ಟೇಳುವ ನೋಟವನ್ನು ನಾವು ಚಿತ್ರದಲ್ಲಿ ಹಿಡಿಯುವುದೆಂತು?

ಹಕ್ಕಿಯು ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಆದುದರಿಂದ ಗಾಳಿಯನ್ನೂ ಸೂರ್ಯನನ್ನೂ ಬೆನ್ನಿಗಿಟ್ಟು ನಿಂತರೆ ಅದು ನಮಗೆ ಅಭಿಮುಖವಾಗಿಯೇ ಬರುವುದು. ಕ್ಯಾಮೆರಾದ ಷಟರನ್ನು ಸೆಕೆಂಡಿನ 1/1000 ಭಾಗಕ್ಕೆ ಇರಿಸಿ, ಹಕ್ಕಿಯ ಗತಿಯೊಡನೆ ಕ್ಯಾಮೆರಾವನ್ನೂ ತಿರುಗಿಸಬೇಕು; ಗುಂಡಿಯನ್ನು ಒತ್ತಿದೊಡನೆ ಕೈಯನ್ನು ನಿಲ್ಲಿಸಬಾರದು. ಹಿನ್ನೆಲೆಯ ನೀರು ಕಪ್ಪಾಗಿದ್ದರೆ ಬೆಳಕನ್ನು ತುಸು ತಗ್ಗಿಸಬೇಕು. ಇಲ್ಲವಾದರೆ ಬೆಳ್ಳನೆಯ ಗರಿಗಳ ವಿವರವೆಲ್ಲ ಅಳಿಸಿಹೋಗುವುದು.

ಚಿತ್ರದ ಆಸೆಗಾಗಿ ಕಲ್ಲೆಸೆದು ಹಕ್ಕಿಯನ್ನು ಎಬ್ಬಿಸುವವರುಂಟು. ಬೆದರಿದ ಹಕ್ಕಿಯು ನಮಗೆ ಬೆನ್ನು ತೋರಿಸಿಯೇ ಹಾರುವುದು. ಅದರ ಶಕ್ತಿಯೂ ವ್ಯರ್ಥ, ನಮ್ಮ ಚಿತ್ರವೂ ವ್ಯರ್ಥ. ಕಾದು ಕುಳಿತವರಿಗೆ ಅದು ತಾನಾಗಿಯೇ ಮುಖ ತೋರಿಸುವುದು.